ಕೆರೆಯಂಗಳದಲ್ಲಿ ವಿಶ್ವಮೇಳ

ನಮ್ಮೂರಿನ ಹೆಸರು ಬ್ರಹ್ಮಸಮುದ್ರ. ಅನಂತಪುರ ಜಿಲ್ಲೆಯ ಕಲ್ಯಾಣದುರ್ಗದ ಸೀಮೆಯಲ್ಲಿ, ವರ್ಷಕ್ಕೆ ೫೫೦ ಮಿಲಿಮೀಟರಿನ ಆಸುಪಾಸಿಗೆ ಮುಗಿದುಹೋಗುವ ಮಳೆಯನ್ನೇ ನಂಬಿ, ಕಡಲೆಕಾಯಿ ಬಿತ್ತಿ ಮುಗಿಲನ್ನು ನೋಡುತ್ತ ಕುಳಿತಿರುವ ಈ ಗಡಿನಾಡಿನಲ್ಲಿ, ಮನೆಯೊಳಗೆ ಕನ್ನಡವನ್ನೂ ಕಚೇರಿಯಲ್ಲಿ ತೆಲುಗನ್ನೂ ಆಡುತ್ತ ಬಾಳಿದ ನಮ್ಮಂಥವರಿಗೆ ಸಮುದ್ರವೆಂದರೆ ಕಡಲಲ್ಲ, ಕೆರೆ. ೧೩೬೪ರಲ್ಲಿ ಬುಕ್ಕರಾಯನ ಮಂತ್ರಿ ಚಿಕ್ಕಒಡೆಯನು ಅನಂತಪುರದ ಬಳಿ ಕಟ್ಟಿಸಿದ ಕೆರೆಯ ಒಂದು ತುದಿಯ ಊರು ಇಂದಿಗೂ ಬುಕ್ಕರಾಯಸಮುದ್ರವೆನಿಸಿಕೊಂಡಿದೆ. ಏರಿಯೊಂದನ್ನು ಕಟ್ಟಿ, ತೂಬೊಂದನ್ನಿಟ್ಟು, ಅದರ ಹಿಂದೆ ನಿಂತ ನೀರನ್ನು ಸಮುದ್ರವೆಂದು ಕರೆದ ಆ ಹಿರಿಯರಿಗೆ ಅತ್ಯುಕ್ತಿಯ ಚಾಪಲ್ಯವಿದ್ದಿತೆಂದು ನಾನು ತಿಳಿಯಲಾರೆ. ಬರದ ನಾಡಿನಲ್ಲಿ ನಿಂತ ನೀರಿಗೆ ಅದಕ್ಕಿಂತ ಕಿರಿದಾದ ಹೆಸರು ಒಪ್ಪದೆಂಬುದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು. ನಗರಗಳ ವೈಭವವನ್ನು ಕುರಿತು ಬರೆಯಲು ಕುಳಿತವನು ಒಂದು ಕುಗ್ರಾಮದ ಹೆಸರಿನ ನಿಷ್ಪತ್ತಿಯಿಂದ ತೊಡಗಿದ್ದೇಕೆಂಬುದು ಮುಂದೆ ತಿಳಿದೀತು.

ಈಚಿನ ವರ್ಷಗಳಲ್ಲಿ ನಗರಾಭಿಮಾನಿಗಳಲ್ಲಿಯೂ ಉದ್ಯಮಪತಿಗಳಲ್ಲಿಯೂ ಅವರ ಮಾತನ್ನು ಪ್ರತಿಧ್ವನಿಸುವ ಲೇಖಕರಲ್ಲಿಯೂ ಒಂದು ಮತವು ಪ್ರಶ್ನಾತೀತ ಸಿದ್ಧಾಂತದ ಪದವಿಯನ್ನು ಪಡೆದುಕೊಂಡಿದೆ. ಜಗತ್ತಿನ ರಾಷ್ಟ್ರಗಳನ್ನೆಲ್ಲ ಒಂದು ಬಯಲಿಗೆ ಆಹ್ವಾನಿಸಿ, ಆರು ತಿಂಗಳ ಕಾಲ ವಸ್ತುಪ್ರದರ್ಶನವನ್ನು ನಡೆಯಿಸಿದ ನಗರಕ್ಕೆ ಆ ಆರು ತಿಂಗಳ ವೆಚ್ಚವು ಬಿತ್ತಿದ ಬೀಜವಿದ್ದಂತೆ. ರೈಲು, ರಸ್ತೆ, ಸೇತುವೆ, ಉದ್ಯಾನ, ವ್ಯಾಪಾರ, ದಿಗಂತ ಕೀರ್ತಿ ಇವೆಲ್ಲವೂ ಅದರಿಂದ ತಲೆಮಾರುಗಳವರೆಗೆ ಕೊಯ್ಯತಕ್ಕ ಬೆಳೆ ಎಂಬುದು ಆ ಮತ. ೧೯೨೮ರ ಒಡಂಬಡಿಕೆಯಿಂದ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿರುವ ಅಂತರರಾಷ್ಟ್ರೀಯ ಸಂಸ್ಥೆಯ ಮುದ್ರೆಯುಳ್ಳ ವಿಶ್ವಮೇಳವು ಭಾರತದಲ್ಲಿ ಇದುವರೆಗೆ ನಡೆದಿಲ್ಲವಾದ್ದರಿಂದ, ಬೆಂಗಳೂರಿನಂತಹ ನಗರವು ಆ ಗೌರವಕ್ಕೆ ಕೈಚಾಚಬೇಕೆಂಬ ಆಸೆ ಈ ಮತವನ್ನು ನಂಬಿದವರಲ್ಲಿ ಮೊಳೆಯುವುದು ಸ್ವಾಭಾವಿಕವೇ. ಅವರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಅವರ ಮತವು ಬುಡದಿಂದಲೇ ತಪ್ಪಾದುದೆಂದೂ, ಆ ತಪ್ಪಿನ ದಂಡವನ್ನು ತೆರುವವರು ನಗರದ ಎಲ್ಲೆಯಿಂದಾಚೆಗೆ ಇರುವವರೆಂದೂ ನಾನು ದೃಢವಾಗಿ ನಂಬಿದ್ದೇನೆ.

ಸೋತ ಮೇಳಗಳ ಪಟ್ಟಿಯನ್ನು ಓದಿ ಈ ವಾದವನ್ನು ಗೆಲ್ಲುವುದು ಸುಲಭ. ೧೯೮೪ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಮೇಳವು ಇನ್ನೂ ನಡೆಯುತ್ತಿರುವಾಗಲೇ ದಿವಾಳಿಯನ್ನು ಘೋಷಿಸಬೇಕಾಯಿತು. ೨೦೦೦ದಲ್ಲಿ ಜರ್ಮನಿಯ ಹ್ಯಾನೋವರ್ ನಗರವು ನಾಲ್ಕು ಕೋಟಿ ಪ್ರೇಕ್ಷಕರನ್ನು ನಿರೀಕ್ಷಿಸಿ ಒಂದು ಕೋಟಿ ಎಂಬತ್ತು ಲಕ್ಷವನ್ನು ಮಾತ್ರ ಕಂಡಿತು. ಆದರೆ ಸೋತುದನ್ನು ತೋರಿಸಿ ಗೆಲ್ಲುವುದು ನ್ಯಾಯವಾದ ವಿಧಾನವಲ್ಲ. ಗೆದ್ದುವೆಂದು ಎಲ್ಲರೂ ಒಪ್ಪಿರುವ ಮೇಳಗಳನ್ನೇ, ಅದರಲ್ಲಿಯೂ ನಮ್ಮ ನಾಡಿಗೆ ಸಂಬಂಧ ತಾಗಿದ ಮೇಳಗಳನ್ನೇ, ಪರೀಕ್ಷೆಗೆ ತೆಗೆದುಕೊಳ್ಳೋಣ.

ವಿಶ್ವಮೇಳಗಳ ವಂಶದ ಮೂಲಪುರುಷನು ೧೮೫೧ರ ಲಂಡನ್ನಿನ ಪ್ರದರ್ಶನ. ಹೈಡ್ ಪಾರ್ಕಿನಲ್ಲಿ ಗಾಜು ಕಬ್ಬಿಣಗಳಿಂದ ನಿರ್ಮಿತವಾದ ಸ್ಫಟಿಕ ಪ್ರಾಸಾದವು ಜಗತ್ತಿನ ಕಣ್ಣನ್ನು ಕೋರೈಸಿ, ಮೇಳ ಮುಗಿದ ಬಳಿಕ ಬಿಚ್ಚಲ್ಪಟ್ಟು, ಸಿಡನ್‌ಹ್ಯಾಮ್ ಎಂಬಲ್ಲಿ ಮತ್ತೆ ಎದ್ದು ನಿಂತಿತು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಯು ಅದರ ಮಾದರಿಯಿಂದ ಸ್ಫೂರ್ತಿಗೊಂಡು ಹುಟ್ಟಿದ ಕೂಸೆಂಬುದು ಬೆಂಗಳೂರಿನವರೆಲ್ಲ ಬಲ್ಲ ಸಂಗತಿ. ಅದಕ್ಕೆ ೧೮೮೯ರ ನವೆಂಬರ್ ೩೦ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರನು ಅಸ್ತಿಭಾರದ ಕಲ್ಲನ್ನಿಟ್ಟನು. ನಲವತ್ತೇಳು ವರ್ಷಗಳು ಕಳೆದು, ೧೯೩೬ರ ನವೆಂಬರ್ ೩೦ರ ರಾತ್ರಿ, ತಿಥಿವಾರಗಳನ್ನು ನೋಡಿಟ್ಟಂತೆ ಅದೇ ತಾರೀಖಿನಂದು, ಮೂಲ ಪ್ರಾಸಾದವು ಬೆಂಕಿಗೆ ಆಹುತಿಯಾಯಿತು. ತಾಯಿ ಬೂದಿಯಾಗಿ ಮಗಳು ಉಳಿದುದೇಕೆ? ಸಿಡನ್‌ಹ್ಯಾಮಿನ ಪ್ರಾಸಾದಕ್ಕೆ ಪ್ರದರ್ಶನವಲ್ಲದೆ ಬೇರೊಂದು ಬದುಕಿರಲಿಲ್ಲ. ಮುಂದಿನ ಪ್ರೇಕ್ಷಕನನ್ನು ಕಾಯುವುದೇ ಅದರ ವೃತ್ತಿಯಾಗಿತ್ತು. ಲಾಲ್‌ಬಾಗಿನ ಗಾಜಿನ ಮನೆಯಾದರೋ, ಹೈದರಾಲಿಯ ಕಾಲದಿಂದ ನೆಲವನ್ನು ಅಗೆದು, ಬೀಜವನ್ನು ಸಂಗ್ರಹಿಸಿ, ಸಸಿಯನ್ನು ಮಾಡಿ, ರೈತನಿಗೆ ಹಂಚುತ್ತ ಬಂದ ಒಂದು ತೋಟದ ನಡುವೆ ನಿಂತಿತ್ತು. ಆ ತೋಟದ ಮೇಲ್ವಿಚಾರಕನಾಗಿದ್ದ ಕ್ಯಾಮರೂನ್ ಮಹಾಶಯನು ಅಲ್ಲಿ ಬೆಳೆಯಿಸಿ ಹಬ್ಬಿಸಿದ ಸೀಮೆಬದನೆಯು ಇಂದು ನಮ್ಮ ಸಂತೆಗಳಲ್ಲಿಯೂ ಸಿಗುತ್ತದೆ. ಆ ಬಳ್ಳಿಯು ಹಳ್ಳಿಯ ಹಿತ್ತಿಲನ್ನು ಮುಟ್ಟಿದ್ದು ತೋಟಗಾರರ ಅನಾಮಧೇಯ ಶ್ರಮದಿಂದ. ಫಲಪುಷ್ಪ ಪ್ರದರ್ಶನದ ಜನಸಂದಣಿಗೆ ಅದರ ಯಶಸ್ಸನ್ನು ಕಟ್ಟಿಕೊಡುವುದು ಮಾಲಿಯ ಕೂಲಿಯನ್ನು ಮೆರವಣಿಗೆಯವನಿಗೆ ಎಣಿಸಿಕೊಟ್ಟಂತೆ.

ಇದಕ್ಕೆ ಪ್ರತಿವಾದಿಯು ಒಂದು ಬಲವಾದ ಉತ್ತರವನ್ನು ಕೊಡಬಹುದು. ಅದನ್ನು ನಾನೇ ಅವನ ಪರವಾಗಿ ಹೇಳುವೆನು. ೧೮೯೩ರಲ್ಲಿ ಯೋಕೊಹಾಮಾದಿಂದ ವ್ಯಾಂಕೂವರಿಗೆ ಹೊರಟ ಹಡಗಿನಲ್ಲಿ ಇಬ್ಬರು ಭಾರತೀಯರು ಸಹಪ್ರಯಾಣಿಕರಾಗಿದ್ದರು. ಒಬ್ಬರು ಷಿಕಾಗೋ ವಿಶ್ವಮೇಳದ ಅಂಗವಾಗಿ ಕೂಡಿದ ಸರ್ವಧರ್ಮ ಸಮ್ಮೇಳನಕ್ಕೆ ಹೊರಟಿದ್ದ ಸ್ವಾಮಿ ವಿವೇಕಾನಂದರು. ಮತ್ತೊಬ್ಬರು ಆ ಮೇಳದ ಯಂತ್ರೋದ್ಯಮವನ್ನು ನೋಡಹೊರಟಿದ್ದ ಜಮ್‌ಷೇಟ್‌ಜಿ ಟಾಟಾ. ಅಲ್ಲಿ ನಡೆದ ಸಂಭಾಷಣೆಯನ್ನು ಟಾಟಾ ಅವರು ೧೮೯೮ರ ನವೆಂಬರಿನಲ್ಲಿ ಸ್ವಾಮಿಗಳಿಗೆ ಬರೆದ ಕಾಗದದಲ್ಲಿ ಸ್ಮರಿಸಿಕೊಂಡರು. ವಿಜ್ಞಾನ ಸಂಶೋಧನೆಗೊಂದು ಸಂಸ್ಥೆಯನ್ನು ಸ್ಥಾಪಿಸಬೇಕೆಂಬ ಟಾಟಾ ಅವರ ಸಂಕಲ್ಪವು ಮುಂದೆ ಮೈಸೂರು ಸಂಸ್ಥಾನವು ಕೊಟ್ಟ ೩೭೧ ಎಕರೆ ನೆಲದ ಮೇಲೆ, ೧೯೦೯ರಲ್ಲಿ, ಭಾರತೀಯ ವಿಜ್ಞಾನ ಮಂದಿರವಾಗಿ ರೂಪುಗೊಂಡಿತು. ಹಾಗಾದರೆ ಬೆಂಗಳೂರಿನ ವಿದ್ಯಾವೈಭವವೇ ಒಂದು ವಿಶ್ವಮೇಳದ ಕೊಡುಗೆಯಲ್ಲವೇ?

ಅಹುದು, ಮತ್ತು ನನ್ನ ಪಕ್ಷಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯವಿಲ್ಲ. ಮೇಳವನ್ನು ನಡೆಯಿಸಿದ ಷಿಕಾಗೋಕ್ಕೆ ಉಳಿದುದೇನು? ಗಾರೆಯನ್ನು ನಾರಿನೊಡನೆ ಕಲಸಿ ಅಮೃತಶಿಲೆಯ ಭ್ರಾಂತಿ ಹುಟ್ಟುವಂತೆ ಕಟ್ಟಿದ ಆ ಶ್ವೇತನಗರದ ಬಹುಭಾಗವು ಮರುವರ್ಷವೇ, ೧೮೯೪ರ ಜುಲೈಯಲ್ಲಿ, ಬೆಂಕಿಯಲ್ಲಿ ಉರಿದುಹೋಯಿತು. ಒಂದೆರಡು ಕಟ್ಟಡಗಳು ಉಳಿದುವು, ಅವೂ ವಿದ್ಯಾಸಂಸ್ಥೆಗಳಾಗಿ. ಸಾವಿರಾರು ಮೈಲಿ ದೂರದ ಬೆಂಗಳೂರಾದರೋ, ಒಂದು ಕಂಬವನ್ನೂ ನೆಡದೆ, ಒಬ್ಬ ಅತಿಥಿಯನ್ನೂ ಸತ್ಕರಿಸದೆ, ಆ ಮೇಳದಿಂದ ಶಾಶ್ವತವಾದ ಫಲವನ್ನು ಪಡೆಯಿತು. ಅದೂ ಒಬ್ಬ ಉದಾರಿಯ ಧನದಿಂದ, ಒಂದು ಸಂಸ್ಥಾನದ ಭೂದಾನದಿಂದ, ಹದಿನಾರು ವರ್ಷಗಳ ಕಾಗದಪತ್ರದ ತಾಳ್ಮೆಯಿಂದ. ನೋಡಿದವನಿಗೆ ವಿದ್ಯೆ, ತೋರಿಸಿದವನಿಗೆ ಬೂದಿ. ಕಣ್ಣಿದ್ದವನು ಜಾತ್ರೆಗೆ ಹೋಗಿ ಬಂದರೆ ಸಾಕು. ಜಾತ್ರೆಯ ಮೈದಾನವನ್ನು ತನ್ನ ಹೊಲದಲ್ಲಿಯೇ ಮಾಡಿಕೊಳ್ಳಬೇಕಾದ ಅಗತ್ಯವೇನಿದೆ?

ಆ ವಿಜ್ಞಾನ ಮಂದಿರದ ಮುಂದಿನ ಕಥೆಯೂ ಇದಕ್ಕೆ ಪೋಷಕವಾಗಿಯೇ ಇದೆ. ೧೯೧೪ರ ಮಹಾಯುದ್ಧದಿಂದಾಗಿ ಜರ್ಮನಿಯ ಕಡೆಗೆ ಹೋಗುತ್ತಿದ್ದ ಶ್ರೀಗಂಧದ ಮರವು ಮೈಸೂರಿನಲ್ಲಿಯೇ ರಾಶಿ ಬಿದ್ದಾಗ, ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿದ್ವಾಂಸರು ಆ ಮಂದಿರದಲ್ಲಿ ಎಣ್ಣೆ ಬಟ್ಟಿಯಿಳಿಸುವ ಕ್ರಮವನ್ನು ಸಿದ್ಧಪಡಿಸಿದರು. ೧೯೧೬ರಲ್ಲಿ ಕಾರ್ಖಾನೆಯೂ, ಅದರ ಬೆನ್ನಿಗೇ ಸಾಬೂನೂ ಬಂದುವು. ಪ್ರದರ್ಶನವೇ ಉದ್ಯಮದ ಜನನಿಯೆಂಬವರು ಈ ಸಾಬೂನಿನ ಜಾತಕವನ್ನು ಒಮ್ಮೆ ನೋಡಬೇಕು. ವಿದ್ಯುತ್ತಿನ ಕಥೆಯೂ ಹೀಗೆಯೇ. ಮೇಳಗಳಿಂದಲೇ ನಗರಗಳಿಗೆ ಬೆಳಕು ಬಂದಿತೆಂದು ಹೇಳುವುದು ರೂಢಿಯಾಗಿದೆ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿಯನ್ನೆಳೆದಾಗ ಅಲ್ಲಿ ಯಾವ ಮೇಳವಿತ್ತು? ಗಣಿಗೆ ಶಕ್ತಿ ಬೇಕಿತ್ತು, ನದಿಯಲ್ಲಿ ಧುಮುಕುವ ನೀರಿತ್ತು. ಮೂರು ವರ್ಷಗಳಲ್ಲಿ ಬೆಂಗಳೂರಿನ ಬೀದಿಯೂ ಬೆಳಗಿತು.

ಇನ್ನು ನಮ್ಮದೇ ಆದ ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ, ಹತ್ತನೆಯ ಚಾಮರಾಜ ಒಡೆಯರ ಆಳಿಕೆಯಲ್ಲಿ, ಕಾಲದ ಹೊಸ ಬೆಳವಣಿಗೆಗಳನ್ನು ಪ್ರಜೆಗಳಿಗೆ ಪರಿಚಯ ಮಾಡಿಸುವ ಉದ್ದೇಶದಿಂದ ಆರಂಭವಾದ ಈ ಪ್ರದರ್ಶನವನ್ನು ನಾನು ಗೌರವಿಸುತ್ತೇನೆ. ಬಾಲ್ಯದಲ್ಲಿ ಅದನ್ನು ಎಕ್ಸಿಬಿಷನ್ ಎಂದೇ ಕರೆದು, ತಂದೆಯ ಕೈಹಿಡಿದು ಅದರ ದೀಪಗಳ ಕೆಳಗೆ ನಡೆದ ಸಂತೋಷವು ಇನ್ನೂ ಮನಸ್ಸಿನಲ್ಲಿದೆ. ಆ ಪ್ರದರ್ಶನದ ಆದಿಮ ಧರ್ಮವು ಶಿಕ್ಷಣವಾಗಿತ್ತು: ರೈತನು ಬಂದು ಹೊಸ ನೇಗಿಲನ್ನು ಮುಟ್ಟಿನೋಡಿ, ಕುಶಲಕರ್ಮಿಯು ಬೇರೊಬ್ಬನ ಕೆತ್ತನೆಯನ್ನು ಕಂಡು, ತಮ್ಮ ಊರಿಗೆ ಹಿಂದಿರುಗುವುದು. ಊರಿಗೆ ಹಿಂದಿರುಗುವುದು ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಅದರ ಪ್ರಯೋಜನವು ಮೈಸೂರು ನಗರದಲ್ಲಿ ಶೇಖರವಾಗಬೇಕೆಂದು ಅದನ್ನು ಸ್ಥಾಪಿಸಿದವರು ಬಯಸಲಿಲ್ಲ. ಅದು ಸಂಸ್ಥಾನದ ಮೂಲೆಮೂಲೆಗೆ ಹರಿಯಬೇಕೆಂದು ಬಯಸಿದರು. ವಿಶ್ವಮೇಳದ ಇಂದಿನ ವಕೀಲರು ಈ ಪ್ರವಾಹದ ದಿಕ್ಕನ್ನೇ ತಿರುಗಿಸಿದ್ದಾರೆ. ಅವರ ಲೆಕ್ಕದಲ್ಲಿ ಎಲ್ಲವೂ ನಗರದ ಕಡೆಗೆ ಹರಿಯತಕ್ಕದ್ದು: ಜನ, ಧನ, ನೀರು, ಹೆಸರು.

ಆ ಪ್ರದರ್ಶನವು ನಡೆಯುವ ಮೈದಾನದ ಹೆಸರು ದೊಡ್ಡಕೆರೆ ಮೈದಾನ. ಹೆಸರೇ ತನ್ನ ಚರಿತ್ರೆಯನ್ನು ಹೇಳುತ್ತಿದೆ. ನೀರು ನಿಂತಿದ್ದ ಅಂಗಳದಲ್ಲಿ ಇಂದು ಮಳಿಗೆಗಳು ನಿಲ್ಲುತ್ತವೆ. ಮೈಸೂರಿನಲ್ಲಿ ಒಂದಾದುದು ಬೆಂಗಳೂರಿನಲ್ಲಿ ಸಂಪ್ರದಾಯವೇ ಆಯಿತು. ಧರ್ಮಾಂಬುಧಿ ಎಂಬ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ಸು ನಿಲ್ದಾಣವಿದೆ. ಅಂಬುಧಿಯೆಂದರೆ ಸಮುದ್ರವೇ ಅಲ್ಲವೇ? ನಮ್ಮೂರಿನ ಹೆಸರಿಗೆ ಸಹೋದರಿಯಾದ ಹೆಸರು ಅದು. ನಮ್ಮ ಕಡೆಯಿಂದ ಗುಳೆ ಹೋದವರು ಬಸ್ಸಿನಿಂದಿಳಿದು ಮೊದಲ ಹೆಜ್ಜೆಯನ್ನಿಡುವುದು ಆ ಬತ್ತಿದ ಅಂಬುಧಿಯ ಮೇಲೆಯೇ. ಸಂಪಂಗಿ ಕೆರೆಯು ಕ್ರೀಡೋತ್ಸವಗಳ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಆಚರಣೆಗೆ ನೀರು ಬೇಕಾದ್ದರಿಂದ ಮಾತ್ರ ಅದರ ಒಂದು ಮೂಲೆಯಲ್ಲಿ ಪುಟ್ಟ ಕುಂಟೆಯೊಂದು ಉಳಿಯಿತು. ಅಕ್ಕಿತಿಮ್ಮನಹಳ್ಳಿಯ ಕೆರೆಯು ಹಾಕಿಯ ಕ್ರೀಡಾಂಗಣವಾಯಿತು. ಕೆರೆಯ ಅಂಗಳವು ಸಮತಟ್ಟಾದುದು, ಸರಕಾರದ ಕೈಯಲ್ಲಿರುವುದು, ನಗರದ ನಡುವೆ ಇರುವುದು. ದೊಡ್ಡ ಜನಸಮೂಹವನ್ನು ನೆರೆಯಿಸುವ ಯೋಚನೆ ಬಂದಾಗಲೆಲ್ಲ ಆಳುವವರ ಕಣ್ಣು ಅದರ ಮೇಲೆ ಬೀಳುವುದು ಆಕಸ್ಮಿಕವಲ್ಲ. ಈ ಅನುಭವವಿರುವ ನಗರದಲ್ಲಿ ಸಾವಿರ ಎಕರೆಯನ್ನು ಬೇಡುವ ವಿಶ್ವಮೇಳವೊಂದು ನೆಲೆಯನ್ನು ಹುಡುಕಿಕೊಂಡು ಹೊರಟರೆ, ಅದು ಯಾವ ತಗ್ಗಿನಲ್ಲಿ, ಯಾವ ರೈತನ ಗದ್ದೆಯಲ್ಲಿ, ಯಾವ ಊರಿನ ಗೋಮಾಳದಲ್ಲಿ ತನ್ನ ಕಂಬಗಳನ್ನು ನೆಡುವುದೆಂದು ಊಹಿಸಲು ಜ್ಯೋತಿಷ್ಯ ಬೇಕಾಗಿಲ್ಲ. ೨೦೧೦ರ ಷಾಂಘೈ ಮೇಳವನ್ನು ಏಳು ಕೋಟಿ ಮೂವತ್ತು ಲಕ್ಷ ಜನ ನೋಡಿದರೆಂದು ಕೊಂಡಾಡುವವರು, ಅದರ ಅಂಗಳಕ್ಕಾಗಿ ಸುಮಾರು ಹದಿನೆಂಟು ಸಾವಿರ ಕುಟುಂಬಗಳು ಮನೆ ಬಿಟ್ಟೆದ್ದುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ತನ್ನ ಕೆರೆಗಳನ್ನು ಹೀಗೆ ಕಳೆದುಕೊಂಡ ಬೆಂಗಳೂರು ಕುಡಿಯುವುದೆಲ್ಲಿಂದ? ನೂರು ಕಿಲೋಮೀಟರು ದೂರದ ಕಾವೇರಿಯಿಂದ, ಸುಮಾರು ಅರ್ಧ ಕಿಲೋಮೀಟರು ಎತ್ತರಕ್ಕೆ ಯಂತ್ರಗಳಿಂದ ನೀರನ್ನೇರಿಸಿಕೊಂಡು. ಅತಿಥಿಗಳು ಕೋಟಿ ಕೋಟಿಯಾಗಿ ಬಂದಾಗ ಅವರ ದಾಹಕ್ಕೆ ಆ ಕೊಳವೆಯನ್ನೇ ಇನ್ನಷ್ಟು ಅಗಲ ಮಾಡಬೇಕಾದೀತು. ಅಗಲವಾದ ಕೊಳವೆಯು ಅತಿಥಿಗಳು ಹೋದ ಬಳಿಕ ಕಿರಿದಾಗುವುದಿಲ್ಲ. ನಗರಕ್ಕಾಗುವ ಶಾಶ್ವತ ಲಾಭವೆಂದು ಇದನ್ನೇ ಅವರು ಬರೆದುಕೊಳ್ಳುವರು. ಮಂಡ್ಯದ ನಾಲೆಯ ಕೊನೆಯ ರೈತನು ಇದನ್ನು ಯಾವ ಪುಟದಲ್ಲಿ ಬರೆದುಕೊಳ್ಳಬೇಕು?

ಮೇಳವನ್ನು ಕಟ್ಟುವವರು ಯಾರೆಂಬುದನ್ನೂ ವಿಚಾರಿಸೋಣ. ನಮ್ಮ ಸೀಮೆಯಲ್ಲಿ ಮುಂಗಾರು ಕೈಕೊಟ್ಟ ವರ್ಷ, ಕಡಲೆಕಾಯಿಯ ಬಳ್ಳಿ ಹೊಲದಲ್ಲಿಯೇ ಒಣಗಿದ ಮೇಲೆ, ಮನೆಗೆ ಬೀಗ ಹಾಕಿ ಮುದುಕರನ್ನೂ ಮಕ್ಕಳನ್ನೂ ನೆರೆಯವರಿಗೆ ಒಪ್ಪಿಸಿ, ಮೇಸ್ತ್ರಿಯ ಹಿಂದೆ ಬೆಂಗಳೂರಿಗೆ ಹೋಗುವವರನ್ನು ನಾನು ಹುಟ್ಟಿದಂದಿನಿಂದ ಕಂಡಿದ್ದೇನೆ. ಪಾವಗಡದ ದಾರಿಯ ರಾತ್ರಿ ಬಸ್ಸಿನಲ್ಲಿ, ಬುತ್ತಿಯ ಗಂಟನ್ನೂ ಒಲೆಯ ತಗಡನ್ನೂ ಕಾಲ ಬಳಿ ಇಟ್ಟುಕೊಂಡು, ನಿದ್ದೆಯಿಲ್ಲದೆ ಕುಳಿತಿರುವ ಆ ಮುಖಗಳು ಯಾವ ವಿಶ್ವಮೇಳದ ಸ್ಮರಣ ಸಂಚಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಉದ್ಯೋಗಸೃಷ್ಟಿ ಎಂಬ ಶಬ್ದದಿಂದ ಅವರನ್ನು ಸಮಾಧಾನಪಡಿಸುವ ಪದ್ಧತಿಯಿದೆ. ಕಟ್ಟಡವೇಳುವವರೆಗೆ ತಗಡಿನ ಗುಡಿಸಲು, ಎದ್ದ ಮೇಲೆ ಆ ಗುಡಿಸಲಿಗೂ ಎತ್ತಂಗಡಿ. ಹೀಗೆ ಮುಗಿಯುವ ಕೂಲಿಯನ್ನು ಶಾಶ್ವತ ಪರಿಣಾಮವೆಂಬ ಶೀರ್ಷಿಕೆಯ ಕೆಳಗೆ ಸೇರಿಸುವುದು ಸತ್ಯಕ್ಕೆ ಮಾಡುವ ಅಪಚಾರ.

ದುಡಿಯುವವನನ್ನು ಮರೆಸುವ ಈ ದೋಷವು ಮೇಳಗಳಿಗೆ ಹುಟ್ಟಿನಿಂದಲೇ ಅಂಟಿಬಂದಿದೆ. ೧೮೮೬ರಲ್ಲಿ ಲಂಡನ್ನಿನಲ್ಲಿ ನಡೆದ ವಸಾಹತು ಮತ್ತು ಭಾರತ ಪ್ರದರ್ಶನದಲ್ಲಿ ವಂಶಪಾರಂಪರ್ಯದ ಕುಶಲಕರ್ಮಿಗಳೆಂದು ತೋರಿಸಲ್ಪಟ್ಟ ನಮ್ಮವರಲ್ಲಿ ಹೆಚ್ಚಿನವರು ಆಗ್ರಾದ ಕಾರಾಗೃಹದಲ್ಲಿ ಕಸುಬು ಕಲಿತ ಬಂದಿಗಳಾಗಿದ್ದರು. ಅದಕ್ಕೂ ಹಿಂದೆ, ೧೮೭೬ರಲ್ಲಿ ಫಿಲಡೆಲ್ಫಿಯಾದಲ್ಲಿಯೂ ೧೮೭೮ರಲ್ಲಿ ಪ್ಯಾರಿಸ್ಸಿನಲ್ಲಿಯೂ ಮಾನವಕುಲದ ಪ್ರಗತಿಯನ್ನು ಕೊಂಡಾಡುವ ಮಹಾಮೇಳಗಳು ನಡೆದ ಆ ಎರಡು ವರ್ಷಗಳ ನಡುವಿನ ಅವಧಿಯೇ ದಕ್ಷಿಣ ಭಾರತದ ಮಹಾಕ್ಷಾಮದ ಅವಧಿ. ನಮ್ಮ ಊರುಗಳು ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದುವು. ಅನಂತಪುರ ಜಿಲ್ಲೆಯೆಂಬುದು ಹುಟ್ಟಿದ್ದೇ ೧೮೮೨ರಲ್ಲಿ. ಆ ಕ್ಷಾಮದಲ್ಲಿ ಬಳ್ಳಾರಿಯ ಮತ್ತು ಮೈಸೂರಿನ ನೆಲ ತೆತ್ತ ಪ್ರಾಣಗಳ ಲೆಕ್ಕವನ್ನು ಓದುವಾಗ ಇಂದಿಗೂ ಕೈ ನಡುಗುತ್ತದೆ. ಪ್ಯಾರಿಸ್ಸಿನಲ್ಲಿ ಭಾರತದ ರತ್ನಖಚಿತ ವಸ್ತುಗಳನ್ನು ಕಂಡು ಬೆರಗಾದವರಿಗೆ ಇದು ತಿಳಿದಿತ್ತೋ ಇಲ್ಲವೋ. ತಿಳಿಯಿಸುವ ಮಳಿಗೆಯಂತೂ ಅಲ್ಲಿರಲಿಲ್ಲ. ತೋರಿಸುವುದಕ್ಕೆಂದು ಕಟ್ಟಿದ ಮನೆಯಲ್ಲಿ ತೋರಿಸಬಾರದ್ದಕ್ಕೆ ಜಾಗವಿರುವುದಿಲ್ಲ.

ಒಂದು ಅಪವಾದವನ್ನು ಒಪ್ಪಲೇಬೇಕು. ೧೮೫೧ರ ಲಂಡನ್ ಪ್ರದರ್ಶನಕ್ಕೆ ಸುಮಾರು ಅರವತ್ತು ಲಕ್ಷ ಜನ ಬಂದು, ೧,೮೬,೦೦೦ ಪೌಂಡು ಮಿಕ್ಕಿತು. ಆ ಹಣದಿಂದ ದಕ್ಷಿಣ ಕೆನ್ಸಿಂಗ್ಟನ್ನಿನಲ್ಲಿ ನೆಲವನ್ನು ಕೊಂಡು, ವಸ್ತುಸಂಗ್ರಹಾಲಯಗಳಿಗೂ ವಿದ್ಯಾಲಯಗಳಿಗೂ ನೆಲೆಯನ್ನೊದಗಿಸಿದರು. ಇದು ನಿಜವಾಗಿಯೂ ಶಾಶ್ವತವಾದ ಕಾರ್ಯ. ಆದರೆ ಅಲ್ಲಿ ಉಳಿದುದು ಪ್ರದರ್ಶನವಲ್ಲ. ಪ್ರದರ್ಶನವನ್ನು ಮುಗಿಸಿ, ಬಿಚ್ಚಿ, ಬಂದ ಹಣವನ್ನು ಪಾಠಶಾಲೆಗೆ ಮುಡಿಪಿಟ್ಟ ಬುದ್ಧಿ. ಐಫೆಲ್ ಗೋಪುರವನ್ನು ತೋರಿಸಿ ಬಾಯಿ ಮುಚ್ಚಿಸಬಯಸುವವರಿಗೂ ಹೇಳುವುದಿದೆ: ಇಪ್ಪತ್ತು ವರ್ಷಗಳ ಪರವಾನಗಿಯ ಮೇಲೆ ನಿಂತಿದ್ದ ಆ ಗೋಪುರವನ್ನು ಕಾಪಾಡಿದ್ದು ೧೮೮೯ರ ಮೇಳದ ಕೀರ್ತಿಯಲ್ಲ, ಅದರ ತುದಿಯಿಂದ ನಿಸ್ತಂತು ವಾರ್ತೆಯನ್ನು ಕಳುಹಬಹುದೆಂಬ ಉಪಯೋಗ. ನಮ್ಮ ದಿಲ್ಲಿಯಲ್ಲಿ ಆದುದೇನು? ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷಕ್ಕೆಂದು, ೧೯೭೨ರ ಏಷ್ಯಾ ಮೇಳಕ್ಕಾಗಿ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ಮತ್ತು ಮಹೇಂದ್ರ ರಾಜ್ ಕಟ್ಟಿದ ರಾಷ್ಟ್ರಮಂಟಪವನ್ನು ಜಗತ್ತಿನ ವಾಸ್ತುವಿದರು ಮೆಚ್ಚಿದರು. ೨೦೧೭ರ ಏಪ್ರಿಲ್ ತಿಂಗಳ ಒಂದು ರಾತ್ರಿ ಅದನ್ನು ಕೆಡವಿದರು, ಇನ್ನೂ ದೊಡ್ಡದಾದ ಸಭಾಮಂಟಪವೊಂದನ್ನು ಅಲ್ಲಿ ನಿಲ್ಲಿಸುವುದಕ್ಕಾಗಿ. ಪ್ರದರ್ಶನಕ್ಕೆ ಉತ್ತರಾಧಿಕಾರಿ ಮತ್ತೊಂದು ಪ್ರದರ್ಶನವೇ. ಅದು ತನ್ನ ತಂದೆಯನ್ನು ಕೆಡವಿಯೇ ಪಟ್ಟವನ್ನೇರುತ್ತದೆ.

ಇದಕ್ಕೆ ಎದುರಾಗಿ ನಾನು ಇಡುವುದು ಮಾರಿಕಣಿವೆಯನ್ನು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ೧೮೯೮ರಿಂದ ೧೯೦೭ರವರೆಗೆ ಕಟ್ಟಿದ ವಾಣಿವಿಲಾಸ ಸಾಗರವನ್ನು ನೋಡಲು ಜಗತ್ತಿನ ರಾಷ್ಟ್ರಗಳು ನೆರೆಯಲಿಲ್ಲ. ನೂರು ವರ್ಷಗಳನ್ನು ಮೀರಿ ಅದು ತೆಂಗನ್ನೂ ಅಡಕೆಯನ್ನೂ ಮನುಷ್ಯರನ್ನೂ ಸಾಕಿದೆ. ಅದೇ ನದಿಯು ಹಗರಿ ಎಂಬ ಹೆಸರಿನಿಂದ ನಮ್ಮ ಸೀಮೆಗಿಳಿದಾಗ ಭೈರವಾನಿ ತಿಪ್ಪದ ಅಣೆಕಟ್ಟು ಅದನ್ನು ಹಿಡಿಯಲು ಕಾದಿದೆ. ಮೇಲಿನ ಕಟ್ಟೆಯು ನೀರನ್ನೆಲ್ಲ ತಡೆದುದರಿಂದ ಕೆಳಗಿನವರಾದ ನಾವು ಕಳೆದುಕೊಂಡುದು ಸ್ವಲ್ಪವಲ್ಲವೆಂಬುದನ್ನೂ ಮುಚ್ಚಿಡಲಾರೆ. ಆ ವ್ಯಾಜ್ಯವು ಒಬ್ಬ ರೈತನಿಗೂ ಇನ್ನೊಬ್ಬ ರೈತನಿಗೂ ನಡುವಣದು, ಮಾತನಾಡಿ ಪರಿಹರಿಸಿಕೊಳ್ಳತಕ್ಕದ್ದು. ೧೯೩೩ರ ಬಳಿಕ ಕೋಡಿಯನ್ನೇ ಕಾಣದಿದ್ದ ಆ ಸಾಗರವು ೨೦೨೨ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಅನಂತರ, ತುಂಬಿ ಹರಿಯಿತು. ಹಗರಿಗೆ ನೀರು ಬಂದಿತೆಂಬ ಸುದ್ದಿ ಕೇಳಿ ನಮ್ಮ ಊರುಗಳ ಜನ, ಮಡಿಲಲ್ಲಿ ಅರಿಸಿನ ಕುಂಕುಮ ಕಟ್ಟಿಕೊಂಡ ಮುದುಕಿಯರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ತಂದೆಯರು, ದಂಡೆಗೆ ಬಂದು ನಿಂತರು. ಮರಳಿನ ಮೇಲೆ ಕೆಂಪು ನೀರು ಮೆಲ್ಲನೆ ಹರಡುತ್ತ ಬರುತ್ತಿತ್ತು. ಯಾರೂ ಬಹಳ ಹೊತ್ತು ಮಾತನಾಡಲಿಲ್ಲ. ಬೆಂಗಳೂರಿನ ಕೆಲಸದಿಂದ ರಜೆ ಪಡೆದು ಬಂದಿದ್ದ ಒಬ್ಬ ಹುಡುಗ ಚಪ್ಪಲಿಯನ್ನು ದಡದಲ್ಲಿ ಬಿಟ್ಟು ಮೊಣಕಾಲಿನವರೆಗೆ ನೀರಿಗಿಳಿದು, ಈ ಸಲ ಹಿಂಗಾರಿಗೆ ಏನು ಬಿತ್ತಬಹುದೆಂದು ತನ್ನ ತಾತನನ್ನು ಕೂಗಿ ಕೇಳಿದನು.